ಮಷೀನ್ ಸುಳ್ಳು ಹೇಳ್ತಿಲ್ಲ, ನೀರೇ ಬರ್ತಿಲ್ಲ

ಡಿಶ್‌ವಾಷರ್ ಇಟ್ಟುಕೊಂಡವರಿಗೆಲ್ಲ ಒಂದಲ್ಲ ಒಂದು ದಿನ ಇದು ಆಗಿಯೇ ಆಗುತ್ತೆ. ಪಾತ್ರೆ ಜೋಡಿಸಿ, ಪುಡಿ ಹಾಕಿ, ಬಾಗಿಲು ಮುಚ್ಚಿ ಬಟನ್ ಒತ್ತುತ್ತೀರಿ. ಒಳಗೆ ಪಂಪು ಸ್ವಲ್ಪ ಹೊತ್ತು ಗುರ್ ಅನ್ನುತ್ತೆ, ಆಮೇಲೆ ನೀರು ಸುರಿಯೋ ಸದ್ದು ಬರಬೇಕು, ಬರೋದಿಲ್ಲ. ಕೆಲವು ನಿಮಿಷ ಕಾದು ಮಷೀನು ಪೀಂ ಪೀಂ ಅಂತ ಕೂಗಿ ಏನೋ ಒಂದು ಅಕ್ಷರ ತೋರಿಸಿ ನಿಂತುಬಿಡುತ್ತೆ. ಎಲ್‌ಜಿ ಆದರೆ ಐಇ, ಬಾಷ್ ಆದರೆ ಇ18 ಅಥವಾ ನಲ್ಲಿಯ ಚಿತ್ರ, ಸ್ಯಾಮ್‌ಸಂಗ್ ಆದರೆ 4ಸಿ. ಎಲ್ಲದರ ಅರ್ಥ ಒಂದೇ: ನನಗೆ ನೀರು ಸಿಗ್ತಿಲ್ಲ.

ಆಮೇಲೆ ನಾವೇನು ಮಾಡ್ತೀವಿ ಅಂದ್ರೆ, ಆಫ್ ಮಾಡಿ ಮತ್ತೆ ಆನ್ ಮಾಡ್ತೀವಿ. ಎರಡು ಸಲ ಬಾಗಿಲು ಜೋರಾಗಿ ಹಾಕ್ತೀವಿ. ಆಮೇಲೆ ಕಸ್ಟಮರ್ ಕೇರಿಗೆ ಫೋನ್. ಅಲ್ಲಿಂದ ಬ್ಯಾಗು ಹೊತ್ತುಕೊಂಡು ಬಂದ ಹುಡುಗ "ವಾಲ್ವ್ ಹೋಗಿದೆ" ಅಂತಾನೆ. ಅದು ಹಾಕಿದ ಮೇಲೂ ಸರಿಹೋಗದಿದ್ರೆ "ಬೋರ್ಡ್ ಹೋಗಿದೆ" ಅಂತಾನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ನಮ್ಮ ಮುಂಬಯಿಯಂಥ ಊರುಗಳಲ್ಲಿ ಡಿಶ್‌ವಾಷರ್ "ನೀರಿಲ್ಲ" ಅಂದಾಗ ಹೆಚ್ಚಿನ ಸಲ ಅದು ನಿಜವನ್ನೇ ಹೇಳ್ತಿರುತ್ತೆ. ಮಷೀನು ಬಿಚ್ಚೋಕೆ ಮುಂಚೆ ನಲ್ಲಿ ನೋಡಬೇಕು, ನಲ್ಲಿಗೆ ಮುಂಚೆ ಟೆರೇಸ್ ಹತ್ತಬೇಕು. ಈ ಕೆಲಸ ಕಂಪನಿಯವರೂ ಮಾಡೋದಿಲ್ಲ, ಅಂಗಡಿಯವರೂ ಮಾಡೋದಿಲ್ಲ, ಸೊಸೈಟಿಯವರಂತೂ ಬಿಡಿ. ದುಡ್ಡು ಮಾತ್ರ ನಾವು ಕೊಡ್ತೀವಿ.

ಈ ಮಷೀನು ಕೇಳೋದಾದರೂ ಏನು ಅಂತ ನೋಡಿ. ಒಂದು ವಾಶ್‌ಗೆ ಒಟ್ಟು 9ರಿಂದ 12 ಲೀಟರ್ ನೀರು. ಅದೂ ಒಂದೇ ಸಲಕ್ಕಲ್ಲ, 3–4 ಲೀಟರಿನಂತೆ ಮೂರು ನಾಲ್ಕು ಸಲ ತುಂಬಿಕೊಂಡು ಅದನ್ನೇ ಸುತ್ತಿ ಸುತ್ತಿ ಚಿಮ್ಮಿಸುತ್ತೆ. ಒಂದು ಬಕೆಟ್ಟೂ ತುಂಬದಷ್ಟು ನೀರು ಅದು! ಆದರೆ ಆ ನೀರು ಬರೋ ರೀತಿಗೆ ಅದರದ್ದೊಂದು ಷರತ್ತಿದೆ. ಮ್ಯಾನುಯಲ್ಲಿನ ಕೊನೇ ಪುಟಗಳಲ್ಲಿ, ಯಾರೂ ಓದದ ಜಾಗದಲ್ಲಿ, ನೀರಿನ ಒತ್ತಡ ಕನಿಷ್ಠ ಇಷ್ಟು ಬಾರ್ ಇರಬೇಕು ಅಂತ ಬರೆದಿರುತ್ತೆ. ಸಾಮಾನ್ಯವಾಗಿ 0.3ರಿಂದ 0.5 ಬಾರ್. ಕೆಲವರು ನಿಮಿಷಕ್ಕೆ 10 ಲೀಟರ್ ಹರಿಯಬೇಕು ಅಂತಲೂ ಬರೆದಿರ್ತಾರೆ.

ಬಾರ್ ಅಂದ್ರೆ ಏನು ಅಂತ ತಲೆ ಕೆಡಿಸಿಕೊಳ್ಳಬೇಡಿ, ಲೆಕ್ಕ ಬಹಳ ಸುಲಭ. ನೀರು 10 ಮೀಟರ್ ಎತ್ತರದಿಂದ ಇಳಿದರೆ ಸುಮಾರು 1 ಬಾರ್ ಒತ್ತಡ. ಅಂದರೆ 0.5 ಬಾರ್ ಬೇಕಾದರೆ ನಿಮ್ಮ ನಲ್ಲಿಗಿಂತ 5 ಮೀಟರ್ ಮೇಲೆ ಟಾಕಿಯ ನೀರು ಇರಬೇಕು.

ಈಗ ನಮ್ಮ ಬಿಲ್ಡಿಂಗ್ ತೊಗೊಳ್ಳಿ. ಏಳು ಮಾಳಿಗೆ, ತೊಂಬತ್ತರ ದಶಕದ್ದು, ಮುಲುಂಡ್ ಕಡೆ ಇಂಥವು ನೂರಾರಿವೆ. ಟಾಕಿಗಳು ಟೆರೇಸಿನ ಸ್ಲ್ಯಾಬಿನ ಮೇಲೇ ಒಂದಿಷ್ಟು ಇಟ್ಟಿಗೆ ಕಟ್ಟಿ ಕೂರಿಸಿದಂಥವು. ಕೊನೇ ಮಾಳಿಗೆಯವರ ಸಿಂಕಿನ ಕೆಳಗಿನ ನಲ್ಲಿಗೂ ಟಾಕಿಯ ತಳಕ್ಕೂ ಇರೋ ಅಂತರ ಎರಡೂವರೆ, ಹೆಚ್ಚಂದ್ರೆ ಮೂರು ಮೀಟರು. ಅಂದರೆ 0.25ರಿಂದ 0.3 ಬಾರ್. ಅದೂ ನೀರು ಹರಿಯದೆ ನಿಂತಿದ್ದಾಗ. ಪೈಪಿನ ತಿರುವು, ತುಕ್ಕು, ಹಳೇ ವಾಲ್ವು, ಬೆಳಿಗ್ಗೆ ಏಳಕ್ಕೆ ಎಲ್ಲರೂ ಸ್ನಾನಕ್ಕೆ ನಿಂತಾಗ ಆಗೋ ಎಳೆದಾಟ, ಇದನ್ನೆಲ್ಲ ಕಳೆದರೆ ಉಳಿಯೋದೆಷ್ಟು? ಒಂದು ಮಾಳಿಗೆ ಕೆಳಗಿಳಿದರೆ ಇನ್ನೊಂದು ಮೂರು ಮೀಟರ್ ಸಿಗುತ್ತೆ, ಅಲ್ಲಿಗೆ 0.5 ದಾಟಿಬಿಡುತ್ತೆ. ಅದಕ್ಕೇ ಒಂದೇ ಕಂಪನಿಯ ಒಂದೇ ಮಾಡೆಲ್ಲು ಮೂರನೇ ಮಾಳಿಗೆಯಲ್ಲಿ ಹತ್ತು ವರ್ಷ ತಕರಾರಿಲ್ಲದೆ ನಡೆಯುತ್ತೆ, ಏಳನೇ ಮಾಳಿಗೆಯಲ್ಲಿ ವಾರಕ್ಕೊಮ್ಮೆ ಮುಷ್ಕರ ಹೂಡುತ್ತೆ.

"ನಲ್ಲಿಯಲ್ಲಿ ನೀರು ಬರ್ತಿದೆಯಲ್ಲ!" ಅಂತ ನೀವು ಕೇಳಬಹುದು. ಬರ್ತಿರುತ್ತೆ. ಆದರೆ ಮಷೀನಿನೊಳಗೆ ನೀರು ಬಿಡೋದು ನಮ್ಮ ಕೈಯಿಂದ ತಿರುಗಿಸೋ ನಲ್ಲಿಯಂಥದ್ದಲ್ಲ. ಒಂದು ರಬ್ಬರ್ ಪೊರೆ ಇರುತ್ತೆ, ಅದಕ್ಕೆ ಸೂಜಿಯಷ್ಟು ಸಣ್ಣ ತೂತು. ಕರೆಂಟು ಬಂದಾಗ ಆ ಸಣ್ಣ ತೂತು ಮಾತ್ರ ತೆರೆಯುತ್ತೆ. ಆಮೇಲೆ ಇಡೀ ಪೊರೆಯನ್ನು ಎತ್ತೋದು ನೀರಿನ ಒತ್ತಡವೇ. ಒತ್ತಡ ಸಾಲದಿದ್ರೆ ಪೊರೆ ಏಳೋದಿಲ್ಲ, ಇಲ್ಲಾ ಅರ್ಧ ಎದ್ದು ಹನಿ ಹನಿ ಬಿಡುತ್ತೆ. ಮಷೀನು ಗಡಿಯಾರ ನೋಡ್ತಿರುತ್ತೆ. ಇಷ್ಟು ನಿಮಿಷದೊಳಗೆ ಇಷ್ಟು ನೀರು ಬರಲಿಲ್ಲವೋ, ಪೀಂ ಪೀಂ. ವಾಲ್ವ್ "ಹುಂ" ಅಂತ ಸಣ್ಣಗೆ ಗುನುಗ್ತಿದ್ದೂ ನೀರು ಬರ್ತಿಲ್ಲ ಅಂದ್ರೆ ಅದಕ್ಕೆ ಕರೆಂಟು ತಲುಪಿದೆ, ಬೋರ್ಡು ತನ್ನ ಕೆಲಸ ಮಾಡಿದೆ ಅಂತ ಅರ್ಥ. ಬೋರ್ಡ್ ಬದಲಾಯಿಸಬೇಕು ಅನ್ನೋ ಹುಡುಗನಿಗೆ ಇದೊಂದು ಮಾತು ಕೇಳಿ ನೋಡಿ, ಮುಖ ನೋಡೋಹಾಗಿರುತ್ತೆ.

ನಮ್ಮ ಮೇಲ್ಮನೆಯ ಕಾಕೂ ವಿಷಯದಲ್ಲಿ ಆಗಿದ್ದು ಇದೇ. ಎಪ್ಪತ್ತರ ಮೇಲಿನ ವಯಸ್ಸು, ಕೈಬೆರಳಿನ ಗಂಟುಗಳೆಲ್ಲ ಊದಿಕೊಂಡಿವೆ, ಕಾಕಾ ಅವರಿಗೆ ಹೃದಯದ ಆಪರೇಶನ್ ಆಗಿದೆ. ಮಗ ಹೊರದೇಶದಿಂದ ಆರ್ಡರ್ ಮಾಡಿ ಮಷೀನು ಕಳಿಸಿದ. ಬಂದ ಮೂರನೇ ವಾರದಿಂದ ನೀರು ತೊಗೊಳ್ತಿಲ್ಲ. ಮೊದಲು ವಾಲ್ವ್ ಬದಲಾಯ್ತು, ವಾರಂಟಿಯಲ್ಲಿ. ಎರಡು ತಿಂಗಳಿಗೆ ಮತ್ತೆ ಅದೇ. ಆಗ "ನೀರು ಗಡಸು, ಸಾಫ್ಟ್‌ನರ್ ಹಾಕಿಸಿ" ಅಂತ ಒಂದು ಡಬ್ಬಿ ಮಾರಿದರು. ಆ ಡಬ್ಬಿಯೊಳಗಿಂದ ಹಾದುಬರೋಕೆ ನೀರಿಗೆ ಇನ್ನೂ ಒಂದಿಷ್ಟು ಒತ್ತಡ ಬೇಕು! ಇದ್ದ ಅಲ್ಪಸ್ವಲ್ಪವೂ ಹೋಯ್ತು. ಮೂರನೇ ಸಲ ಬೋರ್ಡಿನ ಮಾತು. ಇಷ್ಟರಲ್ಲಿ ವಾರಂಟಿಯ ಒಂದು ವರ್ಷವೂ ಹತ್ತಿರ ಬಂದಿತ್ತು.

ಯಾರೊಬ್ಬರೂ ಬಕೆಟ್ ಹಿಡಿದಿರಲಿಲ್ಲ. ನಾನು ಹೇಳ್ತಿರೋ ಬಕೆಟ್ ಪರೀಕ್ಷೆ ಇಷ್ಟೇ. ಮಷೀನಿನ ಪ್ಲಗ್ ತೆಗೆಯಿರಿ. ನಲ್ಲಿ ಬಂದ್ ಮಾಡಿ ಇನ್‌ಲೆಟ್ ಪೈಪನ್ನು ನಲ್ಲಿಯ ಕಡೆಯಿಂದ ಬಿಚ್ಚಿ. ಕೆಳಗೆ ಬಕೆಟ್ ಇಟ್ಟು ಪೂರ್ತಿ ತಿರುಗಿಸಿ ಬಿಟ್ಟು, ಸರಿಯಾಗಿ ಒಂದು ನಿಮಿಷ ಗಡಿಯಾರ ನೋಡಿ. ಬಿದ್ದ ನೀರನ್ನು ಲೀಟರ್ ಚಂಬಿನಿಂದ ಅಳೆಯಿರಿ. ಹತ್ತು ಲೀಟರ್ ಬಂದರೆ ನೀರಿನ ತಕರಾರಿಲ್ಲ, ಮಷೀನಿನ ಕಡೆ ನೋಡಿ. ಐದಾರು ಬಂದರೆ ಮಷೀನು ಒಂದು ದಿನ ನಡೆದು ಒಂದು ದಿನ ನಿಲ್ಲುತ್ತೆ. ಅದಕ್ಕಿಂತ ಕಡಿಮೆ ಅಂದ್ರೆ ಮಷೀನನ್ನು ಬೈಯೋದು ಬಿಡಿ. ಕಾಕೂ ಮನೆಯಲ್ಲಿ ಬೆಳಿಗ್ಗೆ ಮೂರು ಲೀಟರೂ ಬರಲಿಲ್ಲ, ಮಧ್ಯಾಹ್ನ ಎರಡೂವರೆಗೆ ಅಳೆದರೆ ಆರು ಬಂತು. ಹೀಗಾಗಿ ಈ ಪರೀಕ್ಷೆ ನೀವು ಮಷೀನು ಹಚ್ಚೋ ಹೊತ್ತಿಗೇ ಮಾಡಬೇಕು. ಸರ್ವಿಸ್ ಹುಡುಗ ಬರೋದು ಯಾವಾಗಲೂ ಮಧ್ಯಾಹ್ನ, ಆಗ ಮಷೀನು ಒಳ್ಳೇ ಹುಡುಗನ ಹಾಗೆ ನಡೆಯುತ್ತೆ. ನೋಡಿ, ಏನೂ ಆಗಿಲ್ಲ ಅಂತ ಸಹಿ ಹಾಕಿಸಿಕೊಂಡು ಹೋಗ್ತಾನೆ.

ಬಕೆಟ್ಟಿನಲ್ಲಿ ಧಾರಾಳ ನೀರು ಬಂದರೂ ಮಷೀನಿಗೆ ಬರ್ತಿಲ್ಲ ಅಂದ್ರೆ ಮುಂದಿನ ಗುಮಾನಿ ಜಾಲರಿಯ ಮೇಲೆ. ಪೈಪಿನ ತುದಿಯಲ್ಲೋ, ಮಷೀನಿಗೆ ಸೇರೋ ಜಾಗದಲ್ಲೋ ರೂಪಾಯಿ ಬಿಲ್ಲೆಯಷ್ಟಗಲದ ಸಣ್ಣ ಜಾಲರಿ ಇರುತ್ತೆ. ಸೊಸೈಟಿಯವರು ಟಾಕಿ ತೊಳೆಸಿದ ಮಾರನೇ ದಿನವೇ ಬಹಳ ಮಷೀನುಗಳು ನಿಲ್ಲೋದು ಇದರಿಂದ. ತಳದಲ್ಲಿ ಕೂತಿದ್ದ ರಾಡಿಯೆಲ್ಲ ಎದ್ದು ಪೈಪಿಗೆ ಇಳಿದು ಇಲ್ಲಿ ಸಿಕ್ಕಿಕೊಂಡಿರುತ್ತೆ. ಮಳೆಗಾಲದ ಮೊದಲ ವಾರವೂ ಹೀಗೇ. ಟ್ಯಾಂಕರ್ ನೀರಿನ ಮೇಲೆ ಬದುಕೋ ಚೆನ್ನೈ, ಹೈದರಾಬಾದಿನ ನಮ್ಮವರಿಗೆ ಇದು ಇನ್ನೂ ಹೆಚ್ಚು. ಬೋರಿನ ಮರಳು, ಸುಣ್ಣದ ಪೊರೆ, ಎರಡೂ ಸೇರಿ ಜಾಲರಿ ಸಿಮೆಂಟಿನ ಹಾಗೆ ಗಟ್ಟಿಯಾಗಿರುತ್ತೆ. ಇಕ್ಕಳದಿಂದ ಮೆಲ್ಲಗೆ ಹೊರಗೆಳೆದು ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ. ಸುಣ್ಣ ಕಟ್ಟಿದ್ದರೆ ನಿಂಬೆರಸದಲ್ಲೋ ವಿನೆಗರ್‌ನಲ್ಲೋ ಒಂದರ್ಧ ಗಂಟೆ ನೆನೆಹಾಕಿ. ಜಾಲರಿ ಕಿತ್ತು ಬಿಸಾಕಿ "ಈಗ ನೀರು ಚೆನ್ನಾಗಿ ಬರುತ್ತೆ" ಅನ್ನೋ ಪ್ಲಂಬರುಗಳಿದ್ದಾರೆ. ಬಿಡಬೇಡಿ. ಆ ಮರಳು ಹೋಗಿ ವಾಲ್ವಿನ ಸೂಜಿತೂತಿನಲ್ಲಿ ಕೂತರೆ ಆಗ ನಿಜವಾಗಿಯೂ ವಾಲ್ವ್ ಹೋಗುತ್ತೆ.

ಸಿಂಕಿನ ಕೆಳಗಿನ ಆ್ಯಂಗಲ್ ಕಾಕ್ ಪೂರ್ತಿ ತೆರೆದಿದೆಯಾ, ಪೈಪು ಗೋಡೆಗೆ ಒತ್ತಿ ಮಡಚಿಕೊಂಡಿದೆಯಾ, ಬಾಗಿಲು ಟಕ್ ಅಂತ ಕೂತಿದೆಯಾ, ಇವನ್ನು ಮ್ಯಾನುಯಲ್ಲೇ ಹೇಳುತ್ತೆ, ಬಿಡಿ.

ಮ್ಯಾನುಯಲ್ ಹೇಳಿದರೂ ನಮ್ಮ ಪ್ಲಂಬರುಗಳು ಕೇಳದೇ ಇರೋದು ಇನ್ನೊಂದಿದೆ, ಕೊಳೆನೀರು ಹೊರಹೋಗೋ ಪೈಪು. ಅದನ್ನು ಮೊದಲು ಸಿಂಕಿನ ಎತ್ತರದವರೆಗೆ ಮೇಲಕ್ಕೆತ್ತಿ ಆಮೇಲೆ ಇಳಿಸಬೇಕು. ನಮ್ಮಲ್ಲಿ ಮಷೀನಿಗೆ ಅಡಿಗೆಮನೆಯಲ್ಲಿ ಜಾಗ ಇಲ್ಲದೆ ಡ್ರೈ ಬಾಲ್ಕನಿಯಲ್ಲಿ ಇಡ್ತೀವಿ, ಪ್ಲಂಬರು ಪೈಪನ್ನು ಸೀದಾ ನೆಲದ ನಾನಿ ಟ್ರ್ಯಾಪಿಗೆ ಬಿಟ್ಟು ಹೋಗ್ತಾನೆ. ಆಗ ಕೆಲವು ಮಷೀನುಗಳಲ್ಲಿ ತಮಾಷೆ ಶುರುವಾಗುತ್ತೆ. ಒಂದು ಸಲ ಪಂಪು ನೀರು ಹೊರಹಾಕಿತು ಅಂದ್ರೆ ಆ ಪೈಪಿನಲ್ಲಿ ಹರಿವು ನಿಲ್ಲೋದಿಲ್ಲ. ಕ್ಯಾನಿನಿಂದ ನಳಿಗೆ ಹಾಕಿ ಸೀಮೆಎಣ್ಣೆ ಇಳಿಸ್ತಿದ್ದದ್ದು ನೆನಪಿದೆಯಾ, ಹಾಗೆ. ಮೇಲಿಂದ ವಾಲ್ವ್ ತುಂಬ್ತಾ ಇರುತ್ತೆ, ಕೆಳಗಿಂದ ನೀರು ತಾನೇ ಇಳಿದುಹೋಗ್ತಾ ಇರುತ್ತೆ. ಮಷೀನು ಪಾಪ ಎಷ್ಟು ತುಂಬಿದರೂ ತುಂಬ್ತಿಲ್ಲ ಅಂತ ಕೂಗುತ್ತೆ. ಪೈಪನ್ನು ಎತ್ತಿ ಕಟ್ಟಿದರೆ ಮುಗೀತು, ಒಂದು ಪೈಸೆ ಖರ್ಚಿಲ್ಲ.

ಇನ್ನೊಂದು ಲಕ್ಷಣ ಮಾತ್ರ ಬೇರೆ. ಮಷೀನು ನೀರು ತೊಗೊಳ್ಳೋದೇ ಇಲ್ಲ, ಆದರೆ ಹೊರಹಾಕೋ ಪಂಪು ಬಿಟ್ಟೂಬಿಡದೆ ಓಡ್ತಿದೆ ಅಂದ್ರೆ ತಳದ ತಟ್ಟೆಯಲ್ಲಿ ಎಲ್ಲಿಂದಲೋ ನೀರು ಸೋರಿ ನಿಂತಿದೆ. ಅಲ್ಲಿ ತೇಲೋ ಒಂದು ಬಿಲ್ಲೆ ಎದ್ದು "ಸಾಕು, ಇನ್ನು ನೀರು ಬಿಡಬೇಡ" ಅಂತ ತಡೆದಿರುತ್ತೆ. ಬಾಷ್‌ನಲ್ಲಿ ಇದಕ್ಕೆ ಇ15 ಅಂತಾರೆ. ಪುಡಿ ಮುಗಿದಿದೆ ಅಂತ ಪಾತ್ರೆ ತಿಕ್ಕೋ ಸಾಮಾನ್ಯ ಲಿಕ್ವಿಡ್ ಸುರಿದರೆ ನೊರೆ ಉಕ್ಕಿ ಹೀಗಾಗೋದುಂಟು. ಆಗ ನಲ್ಲಿ ಮುಚ್ಚಿ, ಪ್ಲಗ್ ಕಿತ್ತು, ಮೆಕ್ಯಾನಿಕ್‌ನ ಕರೆಸಿ. ಇಲ್ಲಿ ನಮ್ಮ ಜಾಣತನ ಬೇಡ, ನೀರು ಕರೆಂಟು ಎರಡೂ ಒಟ್ಟಿಗಿರೋ ಜಾಗ ಅದು. ಹಾಗೇ "ಮಗ್ಗಿನಿಂದ ನೀವೇ ನಾಲ್ಕು ಲೀಟರ್ ಸುರಿದುಬಿಡಿ" ಅನ್ನೋ ಸಲಹೆಯೂ ಓಡಾಡುತ್ತೆ. ಬಹಳಷ್ಟು ಹೊಸ ಮಷೀನುಗಳಲ್ಲಿ ಒಳಬರೋ ನೀರನ್ನು ಎಣಿಸೋಕೆ ಪುಟ್ಟ ಚಕ್ರ ಇರುತ್ತೆ. ನೀವು ಸುರಿದದ್ದು ಆ ಲೆಕ್ಕಕ್ಕೆ ಬರೋದೇ ಇಲ್ಲ.

ಆದರೆ ನನಗೆ ನಿಜವಾಗಿ ಸಿಟ್ಟು ಬರೋದು ರಾತ್ರಿಯ ವಿಷಯಕ್ಕೆ. ಡಿಶ್‌ವಾಷರನ್ನು ರಾತ್ರಿ ಹಚ್ಚಿ ಮಲಗಿ, ಟೈಮರ್ ಇದೆ, ಬೆಳಿಗ್ಗೆ ಎದ್ದಾಗ ಪಾತ್ರೆ ಫಳಫಳ ಅಂತ ಎಲ್ಲ ಜಾಹೀರಾತಿನವರೂ ಹೇಳ್ತಾರೆ. ಮುಂಬಯಿಯ ಎಷ್ಟು ಸೊಸೈಟಿಗಳಲ್ಲಿ ರಾತ್ರಿ ಹನ್ನೊಂದಕ್ಕೆ ವಾಚ್‌ಮನ್ ಟೆರೇಸಿನ ವಾಲ್ವ್ ತಿರುಗಿಸಿ ಕೀಲಿ ಹಾಕ್ತಾನೆ ಅನ್ನೋದು ಆ ಜಾಹೀರಾತಿನವರಿಗೆ ಗೊತ್ತಾ? ಹನ್ನೊಂದೂವರೆಗೆ ಹಚ್ಚಿದ ಮಷೀನು ಪೈಪಿನಲ್ಲಿ ಉಳಿದಿದ್ದ ನೀರಿನಿಂದ ಒಂದು ಸಲ ತುಂಬಿಕೊಳ್ಳುತ್ತೆ, ಪಾತ್ರೆಗೆಲ್ಲ ಸೋಪು ಬಳಿಯುತ್ತೆ, ತೊಳೆಯೋಕೆ ಅಂತ ಎರಡನೇ ಸಲ ಬಾಯಿ ತೆಗೆದಾಗ ನೀರಿಲ್ಲ. ಬೆಳಿಗ್ಗೆ ನೋಡಿದರೆ ಎಲ್ಲದರ ಮೇಲೂ ಒಣಗಿದ ಬಿಳೀ ಪುಡಿ. ಮಷೀನು ಕೆಟ್ಟಿದೆ ಅಂತ ಕಂಪ್ಲೇಂಟು. ಹಗಲು ಬಂದ ಹುಡುಗನಿಗೆ ಎಲ್ಲ ಸರಿಯಾಗೇ ಕಾಣುತ್ತೆ. ಈ ಚಕ್ರ ವರ್ಷಗಟ್ಟಲೆ ತಿರುಗೋ ಮನೆಗಳಿವೆ.

1860ರಲ್ಲಿ ವಿಹಾರ್ ಕೆರೆಯ ನೀರಿನಿಂದ ಶುರುವಾದ ಈ ಊರಿನ ನೀರಿನ ವ್ಯವಸ್ಥೆ ಇವತ್ತು ಏಳು ಕೆರೆಗಳಿಗೆ ಬಂದು ನಿಂತಿದೆ. ತುಳಸಿ, ವಿಹಾರ್ ಊರೊಳಗೇ ಇವೆ. ತಾನ್ಸಾ, ಮೋಡಕ್ ಸಾಗರ, ಭಾತ್ಸಾ, ಮೇಲಿನ ವೈತರಣಾ, ಮಧ್ಯ ವೈತರಣಾ ದೂರದ ಥಾಣೆ, ಪಾಲ್ಘರ್, ನಾಸಿಕ್ ಕಡೆಯವು. ದಿನಕ್ಕೆ 380 ಕೋಟಿ ಲೀಟರಿಗೂ ಹೆಚ್ಚು ನೀರು ಬರುತ್ತೆ. ಆದರೂ ಹೆಚ್ಚಿನ ಕಡೆ ಅದು ದಿನಕ್ಕೆ ಕೆಲವೇ ಗಂಟೆ. ಬಂದದ್ದು ನೆಲದಡಿಯ ಟಾಕಿಗೆ, ಅಲ್ಲಿಂದ ಪಂಪಿನಿಂದ ಟೆರೇಸಿಗೆ, ಟೆರೇಸಿನಿಂದ ಇಳಿದು ನಮ್ಮ ಮನೆಗೆ. 2024ರ ಬೇಸಿಗೆಯಲ್ಲಿ ಕೆರೆ ತಳ ಕಂಡಾಗ ಮಹಾನಗರಪಾಲಿಕೆ ಮೊದಲು ಶೇಕಡಾ 5, ಆಮೇಲೆ ಶೇಕಡಾ 10 ನೀರು ಕಡಿತ ಮಾಡಿತ್ತು. ಶೇಕಡಾ 10 ಕಡಿತ ಅಂದ್ರೆ ನಲ್ಲಿಗೆ ಬರೋ ನೀರು ಅಷ್ಟೇ ಕಡಿಮೆಯಾಗುತ್ತೆ ಅಂತಲ್ಲ. ಟಾಕಿ ಪೂರ್ತಿ ತುಂಬೋದಿಲ್ಲ, ಸೆಕ್ರೆಟರಿ ವಾಲ್ವ್ ಬಿಡೋ ಟೈಮ್ ಎರಡು ಗಂಟೆ ಕಡಿಮೆ ಮಾಡ್ತಾರೆ, ಟಾಕಿಯ ನೀರು ತಳಕ್ಕಿಳಿದಷ್ಟೂ ಮೇಲಿನ ಮಾಳಿಗೆಯ ಒತ್ತಡ ಕುಸಿಯುತ್ತೆ.

ಈ ಮಷೀನು ಹುಟ್ಟಿದ ಕಡೆಯೂ ಮೊದಲು ಇದೇ ಗೋಳಿತ್ತು. ಅಮೆರಿಕದ ಇಲಿನಾಯ್ ರಾಜ್ಯದ ಶೆಲ್ಬಿವಿಲ್ ಅನ್ನೋ ಊರಿನ ಜೋಸೆಫೀನ್ ಕಾಕ್ರೇನ್ ಅನ್ನೋ ಹೆಂಗಸು ಇದಕ್ಕೆ ಪೇಟೆಂಟ್ ಪಡೆದದ್ದು 1886ರಲ್ಲಿ. ಬ್ರಷ್ಷಿನಿಂದ ತಿಕ್ಕೋ ಬದಲು ನೀರಿನ ಒತ್ತಡದಿಂದಲೇ ತೊಳೆಯಬೇಕು ಅನ್ನೋದು ಆಕೆಯ ವಿಚಾರ. 1893ರ ಚಿಕಾಗೋ ಜಾಗತಿಕ ಪ್ರದರ್ಶನದಲ್ಲಿ ಇಟ್ಟಾಗ ಮೆಚ್ಚಿ ಕೊಂಡವರೆಲ್ಲ ಹೋಟೆಲ್ಲಿನವರು. ಮನೆಗಳವರು ಕೊಳ್ಳಲಿಲ್ಲ, ಯಾಕಂದ್ರೆ ಆಗಿನ ಮನೆಗಳಲ್ಲಿ ಇದಕ್ಕೆ ಸಾಲೋಷ್ಟು ಬಿಸಿನೀರಿನ ಅನುಕೂಲವೇ ಇರಲಿಲ್ಲ. ಮಾಮೂಲಿ ಮನೆಗಳಿಗೆ ಅದು ಕಾಲಿಟ್ಟದ್ದು 1950ರ ದಶಕದಲ್ಲಿ, ನಲ್ಲಿ ಪೈಪು ಗೀಸರು ಎಲ್ಲ ಮನೆಯೊಳಗೆ ಬಂದು ಕೂತ ಮೇಲೆ. ಅಲ್ಲಿ ಪೈಪು ಮೊದಲು, ಮಷೀನು ಆಮೇಲೆ. ನಮ್ಮಲ್ಲಿ 2020ರ ಲಾಕ್‌ಡೌನ್‌ನಲ್ಲಿ ಸೊಸೈಟಿಗಳು ಬಾಯಿಯಂದಿರನ್ನ ಗೇಟಿನಲ್ಲೇ ತಡೆದಾಗ ಜನ ಮುಗಿಬಿದ್ದು ಕೊಂಡರು. ಪೈಪಿನ ಕಡೆ ನೋಡೋಕೆ ಯಾರಿಗೂ ಪುರುಸೊತ್ತಿರಲಿಲ್ಲ.

ಫೋನಿನಲ್ಲಿ ಧಾರವಾಡದ ನಮ್ಮವ್ವ ಇದಕ್ಕೆ ಕೇಳೋ ಪ್ರಶ್ನೆಯೇ ಬೇರೆ. "ನೀರಿಗೆ ಪಾಳಿ ಹಚ್ಚೋ ಊರಾಗ ನೀರು ಕುಡಿಯೋ ಮಷೀನ್ ಯಾಕ ಬೇಕಿತ್ತ ನಿಮಗ?" ಅಂತಾಳೆ. ಈ ಮಾತಿಗೆ ಬೆಲೆ ಇದೆ. ಪಕ್ಕದ ಚಾಳಿನವರು ಬೆಳಗಿನ ಐದಕ್ಕೆ ಕೊಡ ಹಿಡಿದು ನಿಂತಿರ್ತಾರೆ, ನಾವು ಬಾರು ಮೀಟರು ಅಂತ ಲೆಕ್ಕ ಹಾಕ್ತಾ ಕೂತಿರ್ತೀವಿ. ಆದರೂ ಅವ್ವನ ಮಾತನ್ನ ನಾನು ಪೂರ್ತಿ ಒಪ್ಪೋದಿಲ್ಲ. ನಲ್ಲಿ ಬಿಟ್ಟುಕೊಂಡು ಆರು ಜನರ ಪಾತ್ರೆ ತಿಕ್ಕಿದರೆ ಹತ್ತು ಲೀಟರಿನಲ್ಲಿ ಮುಗಿಯೋದಿಲ್ಲ. ಎರಡು ಬುಟ್ಟಿ ಇಟ್ಟುಕೊಂಡು ಅದ್ದಿ ತೆಗೆಯೋ ಅವ್ವನ ಪದ್ಧತಿಯಲ್ಲಿ ಮುಗಿಯಬಹುದು, ಆದರೆ ಅದಕ್ಕೆ ಅವ್ವನ ಸೊಂಟ ಬೇಕು. ಕಾಕೂ ಕೈಗೆ ಮಷೀನು ಬೇಕೇ ಬೇಕು.

ಅವ್ವನಿಗೂ ನೀರಿನ ಪಾಳಿ ಹೊಸದೇನಲ್ಲ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಿಗೆ 2008ರಲ್ಲಿ ಇಪ್ಪತ್ನಾಲ್ಕು ತಾಸು ನೀರು ಬಿಡೋಕೆ ಶುರು ಮಾಡಿದ್ದರು, ಪ್ರಯೋಗ ಅಂತ. ಊರಿನ ಸುಮಾರು ಹತ್ತರಲ್ಲೊಂದು ಭಾಗಕ್ಕೆ. ಉಳಿದವರು ಮೊದಲಿನ ಹಾಗೇ ನಾಲ್ಕೈದು ದಿನಕ್ಕೊಮ್ಮೆ ಬರೋ ನೀರನ್ನು ಹಂಡೆ, ಡ್ರಮ್ಮು, ಪಾತೇಲಿ, ಸಿಕ್ಕಿದ್ದಕ್ಕೆಲ್ಲ ತುಂಬಿಕೊಳ್ಳಬೇಕಾಗಿತ್ತು. ಆ ವಾರ್ಡಿನ ಗಡಿಯ ರಸ್ತೆಯೊಂದರ ಆಕಡೆ ಈಕಡೆ ನೋಡಿದವರಿಗೆ ಗೊತ್ತು, ಆಕಡೆಯ ಮನೆಗಳಲ್ಲಿ ಡ್ರಮ್ಮುಗಳೇ ಇಲ್ಲ.

ನನಗನ್ನಿಸೋದು ಇಷ್ಟು. ಇಷ್ಟು ವರ್ಷ ನಮಗೆ ಒತ್ತಡ ಇಲ್ಲ ಅನ್ನೋದು ಗೊತ್ತಾಗದೇ ಇದ್ದದ್ದು ಯಾಕಂದ್ರೆ ಯಾರೋ ಒಬ್ಬರು ಅದನ್ನ ಮೈಮೇಲೆ ಹಾಕಿಕೊಳ್ತಿದ್ದರು. ನಮ್ಮನೆಗೆ ಬರೋ ಮಾವಶಿ ಬೆಳಿಗ್ಗೆ ಏಳೂಕಾಲಿಗೇ ಬರೋದು ನೀರು ಒಂಬತ್ತಕ್ಕೆ ಹೋಗುತ್ತೆ ಅಂತ. ಮೇಲ್ಮನೆಯಲ್ಲಿ ನೀರು ಸಣ್ಣಗೆ ಬಂದರೆ ಮೊದಲು ಬಕೆಟ್ ತುಂಬೋಕಿಟ್ಟು ಕಸ ಗುಡಿಸಿಬರ್ತಾಳೆ. ನೀರು ಹೋದ ದಿನ ಡ್ರಮ್ಮಿನಿಂದ ಮೊಗೆದು ತಿಕ್ತಾಳೆ. ಅವಳು ಯಾವತ್ತೂ ಐಇ ಅಂತ ತೋರಿಸಿ ಪೀಂ ಪೀಂ ಅಂದವಳಲ್ಲ. ಮಷೀನಿಗೆ ಆ ಹೊಂದಾಣಿಕೆ ಗೊತ್ತಿಲ್ಲ, ಹೀಗಾಗಿ ಪೈಪಿನ ಬಣ್ಣ ಬಯಲಾಯ್ತು.

ಹಾಗಾದ್ರೆ ಏನಾಗಬೇಕು? ಮೊದಲನೇದಾಗಿ ಮಾರೋ ಅಂಗಡಿಯವರು ಎರಡು ಪ್ರಶ್ನೆ ಕೇಳಬೇಕು, ಎಷ್ಟನೇ ಮಾಳಿಗೆ, ನೀರು ಎಷ್ಟು ಹೊತ್ತು. ಫ್ರಿಜ್ ಕೊಳ್ಳೋಕೆ ಹೋದರೆ ಬಾಗಿಲು ಅಳತೆ ಕೇಳ್ತಾರಲ್ಲ, ಹಾಗೆ. ಇನ್‌ಸ್ಟಾಲ್ ಮಾಡೋಕೆ ಬರೋ ಹುಡುಗನ ಕೈಯಲ್ಲಿ ಒಂದು ಪ್ರೆಶರ್ ಗೇಜ್ ಇರಬೇಕು. ನಲ್ಲಿಗೆ ತಿರುಗಿಸಿ ಮುಳ್ಳು ನೋಡೋದಕ್ಕೆ ಎರಡು ನಿಮಿಷ ಸಾಕು. ಎಷ್ಟು ಬಂತು ಅಂತ ಜಾಬ್ ಶೀಟಿನಲ್ಲಿ ಬರೆದು ನಮಗೊಂದು ಕಾಪಿ ಕೊಡಬೇಕು. ಅದಿದ್ದಿದ್ದರೆ ಕಾಕೂಗೆ ಆ ಸಾಫ್ಟ್‌ನರ್ ಡಬ್ಬಿ ಮಾರೋಕೆ ಯಾರಿಗೂ ಬಾಯಿ ಬರ್ತಿರಲಿಲ್ಲ. ಪಾಪ, ಆ ಹುಡುಗರನ್ನೂ ಬೈದು ಉಪಯೋಗವಿಲ್ಲ. ದಿನಕ್ಕೆ ಎಂಟು ಹತ್ತು ಮನೆ, ಬಸ್ಸು ಲೋಕಲ್ಲು ಹಿಡಿದು ಓಡಾಟ, ಬಿಡಿಭಾಗ ಮಾರಿದರೆ ನಾಲ್ಕು ಕಾಸು. ಬಕೆಟ್ ಹಿಡಿದರೆ ಅವರಿಗೇನು ಸಿಗುತ್ತೆ? ಅದಕ್ಕೇ ಈ ನಿಯಮ ಕಂಪನಿಯ ಮೇಲಿಂದ ಬರಬೇಕು.

ಎರಡನೇದು ಸೊಸೈಟಿಯ ಕೆಲಸ, ಇದು ಹೆಚ್ಚು ಕಷ್ಟದ್ದು. ಕೊನೇ ಮಾಳಿಗೆಯವರು ಒಬ್ಬೊಬ್ಬರೂ ತಮ್ಮ ಮನೆಗೊಂದು ಬೂಸ್ಟರ್ ಪಂಪ್ ಹಾಕಿಸಿಕೊಳ್ಳೋದು ಈಗ ನಡೆದಿರೋ ದಾರಿ. ಒಂದೇ ಪೈಪಿನಲ್ಲಿ ನಾಲ್ಕು ಜನ ಎಳೆಯೋಕೆ ಶುರು ಮಾಡಿದರೆ ಪಂಪಿಲ್ಲದ ಐದನೆಯವರಿಗೆ ಗಾಳಿ ಬರುತ್ತೆ. (ಪಾಲಿಕೆಯ ಪೈಪಿಗೇ ನೇರ ಮೋಟರ್ ಹಚ್ಚೋರ ಬಗ್ಗೆ ನಾನು ಮಾತೇ ಆಡೋದಿಲ್ಲ, ಅದು ಕಳ್ಳತನ.) ಸರಿಯಾದ ದಾರಿ ಅಂದ್ರೆ ಟೆರೇಸಿನಲ್ಲಿ ಮೇಲಿನ ಎರಡು ಮಾಳಿಗೆಗೆ ಮಾತ್ರ ಬೇರೆ ಡೌನ್‌ಟೇಕ್ ಪೈಪ್ ಹಾಕಿ ಅದಕ್ಕೊಂದೇ ಪ್ರೆಶರ್ ಪಂಪ್ ಕೂರಿಸೋದು. ಹೊಸ ಬಿಲ್ಡಿಂಗುಗಳಲ್ಲಿ ಬಹಳ ಕಡೆ ಹೀಗೇ ಮಾಡಿರ್ತಾರೆ. ಇಲ್ಲಾ ಟಾಕಿಯನ್ನೇ ಲಿಫ್ಟ್ ರೂಮಿನ ಮೇಲೆ ಎತ್ತಿಡೋದು, ಆದರೆ ಭಾರದ ಲೆಕ್ಕ ಸ್ಟ್ರಕ್ಚರಲ್ ಇಂಜಿನಿಯರ್ ಹಾಕಿದ ಮೇಲೆ ಮಾತ್ರ. ಹಳೇ ಬಿಲ್ಡಿಂಗಿನಲ್ಲಿ ಒಂದು ಸಾವಿರ ಲೀಟರ್ ಅಂದ್ರೆ ಒಂದು ಟನ್, ಹುಡುಗಾಟ ಅಲ್ಲ.

ಖರ್ಚು ಯಾರದ್ದು ಅನ್ನೋದರ ಮೇಲೆ ಜಗಳ. ಕೆಳಗಿನವರು ಅಂತಾರೆ, ನಮಗೆ ನೀರು ಬರ್ತಿದೆ, ನಾವ್ಯಾಕೆ ಕೊಡಬೇಕು. ಲಿಫ್ಟಿನ ಖರ್ಚು ಗ್ರೌಂಡ್ ಫ್ಲೋರಿನವರೂ ಕೊಡ್ತಾರಲ್ಲ ಅಂತ ನಾನು. ಅದಕ್ಕೆ ಮೇಲಿನವರು ಗಾಳಿ ಬೆಳಕು ನೋಡಿ ಮನೆ ತೊಗೊಂಡರು, ನೀರನ್ನೂ ನೋಡಬೇಕಿತ್ತು ಅಂತ ಇನ್ನೊಬ್ಬರು. ನಾನಿರೋದು ನಾಲ್ಕನೇ ಮಾಳಿಗೆಯಲ್ಲಿ, ನನ್ನ ಮಷೀನಿಗೆ ನೀರು ಧಾರಾಳ ಬರುತ್ತೆ. ಆದರೂ ನನ್ನ ಓಟು ಕಾಕೂ ಕಡೆಗೇ.

ಅಲ್ಲಿಯವರೆಗೆ ಕಾಕೂ ಮನೆಯಲ್ಲಿ ಒಂದು ವ್ಯವಸ್ಥೆ ಮಾಡಿದ್ದೀವಿ. ಸಾಫ್ಟ್‌ನರ್ ಡಬ್ಬಿ ತೆಗೆಸಿ ಹಾಕಿದೆವು, ಗಡಸು ನೀರಿಗೆ ಮಷೀನಿನೊಳಗೇ ಉಪ್ಪು ಹಾಕೋ ಜಾಗ ಇದ್ದೇ ಇದೆ. ಸಿಂಕಿನ ಕೆಳಗಿನ ಹಳೇ ಆ್ಯಂಗಲ್ ಕಾಕ್ ತೆಗೆದು ಪೂರ್ತಿ ತೂತಿರೋ ಬಾಲ್ ವಾಲ್ವ್ ಹಾಕಿಸಿದೆವು. ಆರ್‌ಓ ಫಿಲ್ಟರಿಗೆ ಅದೇ ಪೈಪಿನಿಂದ ತೆಗೆದಿದ್ದ ಟೀ ಬೇರೆ ಕಡೆ ಹೋಯ್ತು. ಮಷೀನು ಹಚ್ಚೋದು ಮಧ್ಯಾಹ್ನ ಎರಡೂವರೆಗೆ, ಇಡೀ ಬಿಲ್ಡಿಂಗು ಮಲಗಿರೋ ಹೊತ್ತು. ಈಗ ನಿಮಿಷಕ್ಕೆ ಎಂಟು ಲೀಟರ್ ಬರ್ತಿದೆ, ಮಷೀನು ಕೂಗೋದು ನಿಲ್ಲಿಸಿದೆ. ಬೋರ್ಡು ಹಳೇದೇ. ಏಪ್ರಿಲ್ ಮೇನಲ್ಲಿ ಮತ್ತೆ ನೀರು ಕಡಿತ ಶುರುವಾದ ದಿನ ಇದೂ ಕೈಕೊಡಬಹುದು, ಆಗ ಮಾವಶಿಯೇ ಗತಿ. ಅವಳಿಗೆ ಅದಕ್ಕೆ ಬೇರೆ ದುಡ್ಡು ಕೊಡಬೇಕು ಅಂತ ಕಾಕೂಗೆ ಈಗಲೇ ಹೇಳಿಟ್ಟಿದ್ದೀನಿ.

ಮುಂದಿನ ತಿಂಗಳು ಸೊಸೈಟಿಯ ವಾರ್ಷಿಕ ಸಭೆ. ಮೇಲಿನ ಮಾಳಿಗೆಯ ಪೈಪಿನ ವಿಷಯ ಅಜೆಂಡಾದಲ್ಲಿ ಒಂಬತ್ತನೇದು, ಪಾರ್ಕಿಂಗ್ ಆದ ಮೇಲೆ. ಪಾರ್ಕಿಂಗ್ ಮುಗಿಯೋದ್ರೊಳಗೆ ಅರ್ಧ ಜನ ಎದ್ದು ಹೋಗಿರ್ತಾರೆ. ಅದನ್ನ ಮೂರನೇದಕ್ಕೆ ತರಿಸಬೇಕು ಅಂತ ಸೆಕ್ರೆಟರಿಗೆ ಚೀಟಿ ಬರೆದು ಕೊಟ್ಟಿದ್ದೀನಿ, ಕಾಕಾ ಅವರ ಸಹಿಯೂ ಇದೆ, ಐದನೇ ಮಾಳಿಗೆಯ ಇಬ್ಬರದ್ದೂ ಇದೆ.